ಸಂಜೆ 6:52ರ ಮೆಸೇಜ್ ಯಾರ ಕಣ್ಣಿಗೂ ಬೀಳಲಿಲ್ವಾ?

ಸವಿತಾ, 3ನೇ ಕ್ರಾಸ್ (ಬೆಳಿಗ್ಗೆ 5:14)
ಶುಭೋದಯ ಅಂತ ಬರೆಯುವ ಮನಸ್ಸಿಲ್ಲ. ರಾತ್ರಿ ಹನ್ನೊಂದೂವರೆಯಿಂದ ನೀರು ತೋಡುತ್ತಲೇ ಇದ್ದೇವೆ. ನಮ್ಮತ್ತೆಯ ಮಂಚದ ಕಾಲು ಅರ್ಧ ಮುಳುಗಿತ್ತು. ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾನೊಂದು ಕಡೆ ನಮ್ಮ ಯಜಮಾನರೊಂದು ಕಡೆ ಹಿಡಿದು ಮಹಡಿಗೆ ಹತ್ತಿಸಿದೆವು. ಫ್ರಿಜ್ ಹೋಯಿತು. ಅಕ್ಕಿ ಮೂಟೆ ಹೋಯಿತು. ದಸರಾ ಗೊಂಬೆಗಳನ್ನು ಮೊನ್ನೆ ತಾನೇ ಹಳೇ ಸೀರೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದೆ. ನಮ್ಮಮ್ಮ ಕೊಟ್ಟ ಪಟ್ಟದ ಗೊಂಬೆಯೂ ಅದರಲ್ಲೇ ಇತ್ತು.

ಈಗ ಫೋನ್ ತೆಗೆದು ನೋಡಿದರೆ ನಿನ್ನೆ ಸಂಜೆ 6:52ಕ್ಕೇ ಚೇತನ್ ನಮ್ಮ ಬಡಾವಣೆಯ ಈ ವಾಟ್ಸಾಪ್ ಗುಂಪಿನಲ್ಲಿ ಮಳೆ ಎಚ್ಚರಿಕೆ ಹಾಕಿದ್ದಾನೆ. ಅದರ ಕೆಳಗೆ ನಾಗೇಂದ್ರಣ್ಣನ ಮೊಮ್ಮಗನ ಹುಟ್ಟುಹಬ್ಬಕ್ಕೆ ನಲವತ್ತೇಳು ಶುಭಾಶಯ. ಅದರಲ್ಲಿ ಒಂದು ನನ್ನದೇ. ಎಚ್ಚರಿಕೆ ದಾಟಿಕೊಂಡು ಹೋಗಿ ಕೇಕಿನ ಚಿತ್ರ ಹಾಕಿದ್ದೇನೆ. ಹೊಟ್ಟೆ ಉರಿಯುತ್ತಿದೆ.

ಮಾದೇವಣ್ಣ, ಅಂಗಡಿ (5:31)
ಅಕ್ಕ, ಫ್ಲಾಸ್ಕಲ್ಲಿ ಟೀ ಕಳಿಸುತ್ತೇನೆ. ಹುಡುಗ ಬರುವುದಕ್ಕೆ ರಸ್ತೆ ಇದೆಯಾ, ದೋಣಿ ಬೇಕಾ?

ನಾಗೇಂದ್ರ, ಕಾರ್ನರ್ ಮನೆ (5:58)
ಸವಿತಾ ಅವರೇ, ನಿಮ್ಮ ಕಷ್ಟ ಅರ್ಥವಾಗುತ್ತೆ. ಆದರೆ ಎರಡು ವರ್ಷದ ಮಗುವನ್ನು ಇದಕ್ಕೆ ಎಳೆಯಬೇಡಿ. ಮಗು ಮಳೆ ತರಿಸಿತಾ?

ನಾಗೇಂದ್ರ, ಕಾರ್ನರ್ ಮನೆ (5:59)
ಇನ್ನೊಂದು. ಆ ಮೆಸೇಜಲ್ಲಿ ಹಳದಿ ಅಂತ ಇತ್ತು. ಹಳದಿ ಅಂದರೆ ಏನೂ ಇಲ್ಲ ಅಂತ.

ಚೇತನ್, 2ನೇ ಕ್ರಾಸ್ (6:20)
ಅಂಕಲ್, ಏನೂ ಇಲ್ಲ ಅನ್ನುವುದಕ್ಕೆ ಹಸಿರು. ಹಳದಿ ಅಂದರೆ ಕಣ್ಣಿಟ್ಟಿರಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಈಗಲೇ ಏನಾದರೂ ಮಾಡಿ. 6:52ರದು ಮುಂದಿನ 3 ಗಂಟೆಯ ಮುನ್ಸೂಚನೆ. ಅಷ್ಟು ಹೊತ್ತು ಮಳೆ ಬರಲೂ ಇಲ್ಲ. ಆಮೇಲೆ 9:47ಕ್ಕೆ ಇನ್ನೊಂದು ಬಂತು. ಅದು ಕಿತ್ತಳೆ.

ಸವಿತಾ, 3ನೇ ಕ್ರಾಸ್ (6:22)
ಅದನ್ನು ಯಾಕೆ ಹಾಕಲಿಲ್ಲ ಚೇತನ್?

ಚೇತನ್, 2ನೇ ಕ್ರಾಸ್ (6:35)
ಮೊದಲನೆಯದಕ್ಕೆ ಏನು ಉತ್ತರ ಬಂತು ಅಂತ ಮೇಲೆ ನೋಡಿ ಅಕ್ಕ. "ತಮ್ಮಾ, ಶುಭ ಸಂದರ್ಭದಲ್ಲಿ ಇಂಥದ್ದೆಲ್ಲ ಬೇಡ." ಅದಕ್ಕೆ ಹನ್ನೆರಡು ಹೆಬ್ಬೆಟ್ಟು. ಎರಡನೆಯದು ಬಂದಾಗ ಬೆರಳು ಅಲ್ಲಿವರೆಗೆ ಹೋಗಿ ನಿಂತಿತು. ತಪ್ಪು ನನ್ನದೇ. ಹಾಕಬೇಕಿತ್ತು.

ಲಲಿತಮ್ಮ, ಪಾರ್ಕ್ ಎದುರು (6:41)
*ಹಲವು ಬಾರಿ ಫಾರ್ವರ್ಡ್ ಆಗಿದೆ*
ಎಚ್ಚರ!! ಕೆಆರ್‌ಎಸ್ ಡ್ಯಾಂ ಬಿರುಕು!! ಇಂದು ರಾತ್ರಿ 12ಕ್ಕೆ ಮೈಸೂರು ನಗರ ಜಲಾವೃತ!! ತಕ್ಷಣ 20 ಜನರಿಗೆ ಕಳಿಸಿ!!

ಪುಟ್ಟಸ್ವಾಮಿ ಮೇಷ್ಟ್ರು, 1ನೇ ಕ್ರಾಸ್ (6:55)
ಲಲಿತಮ್ಮನವರೇ, ದಯವಿಟ್ಟು ಅಳಿಸಿ. ಮೈಸೂರು ಆ ಅಣೆಕಟ್ಟೆಗಿಂತ ಎತ್ತರದಲ್ಲಿದೆ. ಅಲ್ಲಿ ನೀರು ಬಿಟ್ಟರೆ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತದೆ. ಜಾಸ್ತಿ ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ, ವೆಲ್ಲೆಸ್ಲಿ ಸೇತುವೆ ಹತ್ತಿರ ಕಾವಲು ಹಾಕುತ್ತಾರೆ. ನೀರು ತಾನಾಗಿ ಬೆಟ್ಟ ಹತ್ತುವುದಿಲ್ಲ.

ಮಾದೇವಣ್ಣ, ಅಂಗಡಿ (6:57)
ಬೆಳಗೊಳದಿಂದ ಕಾವೇರಿ ನೀರು ಪಂಪ್ ಮಾಡಿದರೂ ನಮ್ಮ ಮಹಡಿ ನಲ್ಲಿಗೆ ಹತ್ತಲ್ಲ ಮೇಷ್ಟ್ರೇ. ಡ್ಯಾಮೇ ಬಂದರೆ ಒಳ್ಳೇದು, ಟ್ಯಾಂಕರ್ ದುಡ್ಡು ಉಳಿಯುತ್ತೆ.

ಲಲಿತಮ್ಮ, ಪಾರ್ಕ್ ಎದುರು (7:02)
ನನಗೆ ನಮ್ಮ ನಾದಿನಿ ಕಳಿಸಿದ್ದು. ಅವಳು ಓದಿದವಳು.

ಪುಟ್ಟಸ್ವಾಮಿ ಮೇಷ್ಟ್ರು, 1ನೇ ಕ್ರಾಸ್ (7:10)
ನಮ್ಮ ತಾರಸಿ ಮೇಲೆ ಹಳೇ ಡಾಲ್ಡಾ ಡಬ್ಬಿ ಇಟ್ಟಿರುತ್ತೇನೆ. ಸ್ಕೇಲಿನಲ್ಲಿ ಅಳೆದೆ. 70 ಮಿಲಿಮೀಟರ್ ಇದೆ. ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಹವಾಮಾನ ಇಲಾಖೆ ಲೆಕ್ಕದಲ್ಲಿ ಅದು "ಭಾರಿ ಮಳೆ". ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. ಹಾಗಾದರೆ ಒಂದು 30x40 ಸೈಟಿನ ಮೇಲೆ ಹತ್ತಿರ ಹತ್ತಿರ 7,800 ಲೀಟರ್ ಬಿದ್ದಿದೆ. ಮೂರು ಕ್ರಾಸಿನ ಸೈಟುಗಳನ್ನು ಎಣಿಸಿಕೊಳ್ಳಿ. ಅಷ್ಟೂ ಇಳಿಜಾರಿನಲ್ಲಿ ಹರಿದು ಸವಿತಮ್ಮನವರ ಗೇಟಿಗೇ ಬರಬೇಕು. ಆರು ಕಿಲೋಮೀಟರ್ ಆಚೆ ನನ್ನ ತಮ್ಮನ ಮನೆ ಹತ್ತಿರ ಅಂಗಳವೂ ನೆನೆದಿಲ್ಲವಂತೆ. ಕುರುಡು ಚಿತ್ತೆ, ಎರಚಿದತ್ತ ಬೆಳೆ ಅಂತ ನಮ್ಮಪ್ಪ ಹೇಳುತ್ತಿದ್ದರು. ಸುಮ್ನೆ ಅಲ್ಲ.

ಶ್ರೀಧರ್, 3ನೇ ಕ್ರಾಸ್ (7:18)
ಗೇಟಿಗೆ ಬರುವ ನೀರು ಚರಂಡಿಗೆ ಹೋಗಬೇಕಿತ್ತು ಮೇಷ್ಟ್ರೇ. ಚರಂಡಿ ಎಲ್ಲಿ ಮುಚ್ಚಿದೆ ಅಂತ ಎಲ್ಲರಿಗೂ ಗೊತ್ತು. ಹೆಸರು ಹೇಳಲ್ಲ. ಎರಡು ಕಾರು ನಿಲ್ಲುವ ಸ್ಲ್ಯಾಬ್.

ನಾಗೇಂದ್ರ, ಕಾರ್ನರ್ ಮನೆ (7:19)
ಹೇಳಿ, ಹೆಸರು ಹೇಳಿ. ಗಂಡಸಾಗಿದ್ದರೆ ಹೇಳಿ.

ನಾಗೇಂದ್ರ, ಕಾರ್ನರ್ ಮನೆ (7:21)
ನನ್ನ ಸ್ಲ್ಯಾಬ್ ಹಾಕಿ ಹದಿನಾಲ್ಕು ವರ್ಷ ಆಯಿತು. ಹದಿಮೂರು ವರ್ಷ ಬರದ ನೀರು ಈಗ ಯಾಕೆ ಬಂತು? ಖಾಲಿ ಸೈಟಿಗೆ ಎಳನೀರು ಬುರುಡೆ ಎಸೆಯುವವರು ಯಾರು? ಹೊಸ ಮನೆ ಕಟ್ಟುವವರ ಜಲ್ಲಿ, ಮರಳು ಚರಂಡಿಗೆ ಬಿದ್ದಿಲ್ವಾ?

ನಾಗೇಂದ್ರ, ಕಾರ್ನರ್ ಮನೆ (7:22)
ನಾನು ಈ ಬಡಾವಣೆಗೆ ಬಂದಾಗ ಇಲ್ಲಿ ಬೀದಿದೀಪ ಇರಲಿಲ್ಲ. ನಾನು ತರಿಸಿದ್ದು.

ನಾಗೇಂದ್ರ, ಕಾರ್ನರ್ ಮನೆ (7:24)
ಪಾರ್ಕ್ ಬೆಂಚೂ ನಾನೇ.

ಶಬೀನಾ ಸಿಸ್ಟರ್, 3ನೇ ಕ್ರಾಸ್ (7:40)
ನೈಟ್ ಡ್ಯೂಟಿ ಮುಗಿಸಿ ಈಗ ಬಂದೆ. ಜಗಳ ಆಮೇಲೆ ಆಡಿ. ಚರಂಡಿ ನೀರು ಸಂಪಿನ ಮುಚ್ಚಳ ದಾಟಿದ ಮನೆಗಳು ಇವತ್ತು ಮೋಟಾರ್ ಹಾಕಬೇಡಿ. ಹಾಕಿದರೆ ಆ ನೀರು ಮೇಲಿನ ಟ್ಯಾಂಕಿಗೆ ಹೋಗುತ್ತೆ, ಅಲ್ಲಿಂದ ಅಡುಗೆ ಮನೆಗೆ. ಸಂಪು ಪೂರ್ತಿ ಖಾಲಿ ಮಾಡಿ, ಕೆಸರು ತೆಗೆದು, ಉಜ್ಜಿ ತೊಳೆದ ಮೇಲೆ ಬ್ಲೀಚಿಂಗ್ ಪುಡಿ. ಕೊಳಕು ನೀರಿನ ಮೇಲೆ ಪುಡಿ ಎರಚಿದರೆ ಪ್ರಯೋಜನವಿಲ್ಲ, ಕೆಸರೇ ಕ್ಲೋರಿನ್ ತಿಂದುಬಿಡುತ್ತೆ. ಕುಡಿಯುವ ನೀರು ಚೆನ್ನಾಗಿ ಕುದಿಯಲಿ. ಫಿಲ್ಟರ್ ಇದೆ ಅಂತ ಧೈರ್ಯ ಬೇಡ.

2024ರ ಮೇ ತಿಂಗಳಲ್ಲಿ ಕೆ. ಸಾಲುಂಡಿಯಲ್ಲಿ ಏನಾಯಿತು ಅಂತ ನೆನಪಿದೆಯಲ್ಲ. ಕಲುಷಿತ ನೀರು ಕುಡಿದು ಊರಿಗೆ ಊರೇ ಮಲಗಿತ್ತು, ಒಂದು ಜೀವ ಹೋಯಿತು. ಅದು ನಮ್ಮಿಂದ ದೂರವೇನಲ್ಲ.

ಕಾಲಲ್ಲಿ ಗಾಯ ಇದ್ದವರು ಆ ನೀರಿಗೆ ಇಳಿದಿದ್ದರೆ ಸೋಪಿನಲ್ಲಿ ತೊಳೆಯಿರಿ. ಇನ್ನೊಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಡಾಕ್ಟರಿಗೆ "ಮಳೆ ನೀರಿನಲ್ಲಿ ನಡೆದಿದ್ದೆ" ಅಂತ ತಪ್ಪದೆ ಹೇಳಿ. ಇಲಿ ಜ್ವರ ಹಾಗೆಯೇ ಬರುವುದು.

ಸವಿತಾ, 3ನೇ ಕ್ರಾಸ್ (7:44)
ಸಿಸ್ಟರ್, ನಾನು ಆರು ಗಂಟೆಗೇ ಮೋಟಾರ್ ಹಾಕಿಬಿಟ್ಟೆ.

ಶಬೀನಾ ಸಿಸ್ಟರ್, 3ನೇ ಕ್ರಾಸ್ (7:45)
ಬರುತ್ತಿದ್ದೇನೆ. ಯಾವ ನಲ್ಲಿಯನ್ನೂ ತಿರುಗಿಸಬೇಡಿ.

ಲಲಿತಮ್ಮ, ಪಾರ್ಕ್ ಎದುರು (8:05)
ಚೇತನ್ ಪುಟ್ಟ, ಒಂದು ಸಲ ಎಲ್ಲರ ಫೋನೂ ಒಟ್ಟಿಗೆ ಬಡಿದುಕೊಂಡಿತಲ್ಲ, ನಾನು ಕುಕ್ಕರ್ ಬಿಟ್ಟು ಹೊರಗೆ ಓಡಿದ್ದೆ. ನಿನ್ನೆ ಯಾಕೆ ಹಾಗೆ ಬಡಿದುಕೊಳ್ಳಲಿಲ್ಲ?

ಚೇತನ್, 2ನೇ ಕ್ರಾಸ್ (8:16)
ಅದು 2023ರ ಅಕ್ಟೋಬರ್ 12ರ ಪರೀಕ್ಷೆ ಆಂಟಿ. ಟವರ್ ಕೆಳಗಿರುವ ಫೋನುಗಳಿಗೆಲ್ಲ ಒಂದೇ ಸಲ ಹೋಗುತ್ತೆ. ನಂಬರ್ ಬೇಕಿಲ್ಲ, ನೆಟ್ ಬೇಕಿಲ್ಲ, ಸೈಲೆಂಟಲ್ಲಿದ್ದರೂ ಕೂಗುತ್ತೆ. ಆದರೆ ಪ್ರತಿ ಮಳೆಗೂ ಹಾಗೆ ಕೂಗಿಸುವುದಿಲ್ಲ. ಕೂಗಿಸಿದರೆ ನಾವೇ ಬಂದ್ ಮಾಡಿಬಿಡುತ್ತೇವೆ. ನನಗೆ ಬಂದಿದ್ದು ಸರ್ಕಾರದ ವಿಪತ್ತು ಎಚ್ಚರಿಕೆಯ ಸಚೇತ್ ಆ್ಯಪಿನಲ್ಲಿ. ಜಿಲ್ಲೆ ಮೈಸೂರು, ಭಾಷೆ ಕನ್ನಡ ಅಂತ ಆರಿಸಿಕೊಂಡರೆ ಸಾಕು. ಫೋನ್ ಸೆಟ್ಟಿಂಗಲ್ಲಿ ತುರ್ತು ಎಚ್ಚರಿಕೆ ಆನ್ ಇದೆಯಾ ಅಂತಲೂ ಎಲ್ಲರೂ ನೋಡಿಕೊಳ್ಳಿ.

ನಾಗೇಂದ್ರ, ಕಾರ್ನರ್ ಮನೆ (8:18)
ನಾನು ಮಗನಿಗೆ ಹೇಳಿ ಅದನ್ನು ಆಫ್ ಮಾಡಿಸಿದ್ದೇನೆ. ಬಿಪಿ ಇದೆ.

ಸವಿತಾ, 3ನೇ ಕ್ರಾಸ್ (9:30)
ಸಿಸ್ಟರ್ ಬಂದು ಟ್ಯಾಂಕ್ ಖಾಲಿ ಮಾಡಿಸಿದರು. ಒಂದು ಲೋಟ ಕಾಫಿಯನ್ನೂ ಕುಡಿಯದೆ ಹೋದರು. ಯಾವ ನೀರಲ್ಲಿ ಮಾಡಿದ್ದು ಅಂತ ಕೇಳಿದರು.

ಈಗ ಕೆಲಸದ ಮಾತು. ನಮ್ಮ ಸಾಲಿನಲ್ಲಿ ತಗ್ಗಿನಲ್ಲಿರುವುದು ಹನ್ನೊಂದು ಮನೆ. ಆರರಲ್ಲಿ ವಯಸ್ಸಾದವರು ಮಾತ್ರ ಇದ್ದಾರೆ, ಅವರಾರೂ ಒಂಬತ್ತರ ಮೇಲೆ ಫೋನ್ ನೋಡುವುದಿಲ್ಲ. ನನ್ನ ಮಾತು ಇಷ್ಟೇ. ಎಚ್ಚರಿಕೆಗೆ ಅಂತಲೇ ಇನ್ನೊಂದು ಗುಂಪು. ಅದರಲ್ಲಿ ಶುಭಾಶಯ, ಸುಪ್ರಭಾತ, ದೇವರ ಫೋಟೋ ಯಾವುದೂ ಇಲ್ಲ. ಕಿತ್ತಳೆ ಬಂದರೆ ಯಾರಾದರೂ ಒಬ್ಬರು ಆ ಹನ್ನೊಂದು ಮನೆಗೆ ಫೋನ್ ಮಾಡಬೇಕು. ಎತ್ತದಿದ್ದರೆ ಬಾಗಿಲು ತಟ್ಟಬೇಕು. ವಾರಕ್ಕೊಬ್ಬರು ಸರದಿ. ಮೊದಲ ವಾರ ನಾನು.

ಚೇತನ್, 2ನೇ ಕ್ರಾಸ್ (9:33)
ಎರಡನೇ ವಾರ ನಾನು.

ಪುಟ್ಟಸ್ವಾಮಿ ಮೇಷ್ಟ್ರು, 1ನೇ ಕ್ರಾಸ್ (9:41)
ಮೂರನೇ ವಾರ ನನಗಿರಲಿ. ಒಂದು ಸಲಹೆ. ಕರೆಂಟ್ ಹೋಗಿ, ಚಾರ್ಜೂ ಇಲ್ಲದಿದ್ದರೆ ಫೋನ್ ಯಾಕೆ ಬೇಕು? ನನ್ನ ಹತ್ತಿರ ಡ್ರಿಲ್ ಮಾಡಿಸುತ್ತಿದ್ದ ಪೀಪಿ ಇದೆ. ಮೂರು ಸಲ ಉದ್ದಕ್ಕೆ ಊದಿದರೆ ನೀರು ಬಂತು ಅಂತ. ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡುವುದು. ಬೇರೆ ಏನೇ ತುರ್ತು ಇದ್ದರೂ 112.

ಮಾದೇವಣ್ಣ, ಅಂಗಡಿ (9:44)
ಮೇಷ್ಟ್ರು ಪೀಪಿ ಊದಿದರೆ ಇಡೀ ಬಡಾವಣೆ ಎದ್ದು ಸಾಲಾಗಿ ನಿಲ್ಲುತ್ತೆ. ಅರ್ಧ ಜನ ಅವರ ಕೈಲಿ ಒದೆ ತಿಂದವರೇ.

ರವಿ, ಖಜಾಂಚಿ (10:02)
ಮೊದಲು ನಮ್ಮ ಗೂರ್ಖಾ ಇದ್ದಾಗ ಈ ತೊಂದರೆಯೇ ಇರಲಿಲ್ಲ. ರಾತ್ರಿ ಎಲ್ಲರ ಗೇಟ್ ನೋಡಿಕೊಂಡು ಬರುತ್ತಿದ್ದ. ನೀರು ನಿಂತರೆ ಅವನೇ ಸೀಟಿ ಹೊಡೆಯುತ್ತಿದ್ದ.

ನಾಗೇಂದ್ರ, ಕಾರ್ನರ್ ಮನೆ (10:04)
ಅವನನ್ನು ಬಿಡಿಸಿದ್ದು ಯಾರು?

ರವಿ, ಖಜಾಂಚಿ (10:06)
ಯಾರೂ ಬಿಡಿಸಲಿಲ್ಲ. ತಿಂಗಳಿಗೆ 150 ರೂಪಾಯಿ ಕೊಡುವವರು ಕಡಿಮೆಯಾದರು. ಯುಗಾದಿಯಿಂದ ಬಾಕಿ ಇರುವ ಮನೆ ಇಪ್ಪತ್ತೆರಡು. ಪಟ್ಟಿ ಹಾಕಲಾ?

ಶ್ರೀಧರ್, 3ನೇ ಕ್ರಾಸ್ (10:07)
ಹಾಕಿ.

ನಾಗೇಂದ್ರ, ಕಾರ್ನರ್ ಮನೆ (10:07)
ಹಾಕಬೇಡಿ. ಮೊದಲು ಗಣಪತಿ ಲೆಕ್ಕ ಹಾಕಿ. ಶಾಮಿಯಾನಕ್ಕೆ ಎಷ್ಟು, ಆರ್ಕೆಸ್ಟ್ರಾಕ್ಕೆ ಎಷ್ಟು, ಉಳಿದಿದ್ದು ಎಲ್ಲಿ? ಆ ದುಡ್ಡಲ್ಲೇ ಗೂರ್ಖಾ ಇಡಬಹುದಿತ್ತು ಅಲ್ವಾ?

ಶಬೀನಾ ಸಿಸ್ಟರ್, 3ನೇ ಕ್ರಾಸ್ (11:15)
ಇನ್ನೊಂದು ವಿಷಯ, ಮಲಗುವ ಮೊದಲು. ಖಾಲಿ ಸೈಟಿನ ಎಳನೀರು ಬುರುಡೆ, ಕಟ್ಟಡದ ಹತ್ತಿರದ ಡ್ರಮ್ಮು, ತಾರಸಿಯ ಟೈರು, ಎಲ್ಲದರಲ್ಲೂ ನೀರು ನಿಂತಿದೆ. ಡೆಂಗಿ ಸೊಳ್ಳೆಗೆ ಚರಂಡಿ ಬೇಕಿಲ್ಲ, ಇಂಥ ತಿಳಿ ನೀರೇ ಬೇಕು. ಮೊಟ್ಟೆ ರೆಕ್ಕೆ ಬಲಿತ ಸೊಳ್ಳೆಯಾಗುವುದಕ್ಕೆ ಎಂಟು ಹತ್ತು ದಿನ ಸಾಕು. ಈ ಭಾನುವಾರ ಮಗುಚಿ ಹಾಕಿದರೆ ಬದುಕಿದೆವು. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡವನ್ನೂ ಗೊತ್ತು ಮಾಡಿದೆ. ಸಿಟಿಯಲ್ಲಿ ಮನೆಗೆ 400 ರೂಪಾಯಿ, ಕಟ್ಟುತ್ತಿರುವ ಕಟ್ಟಡಕ್ಕೆ 2,000. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವಿಗೆ ಅಂತ ಬ್ರೂಫೆನ್, ಆಸ್ಪಿರಿನ್ ನುಂಗಬೇಡಿ.

ನಾಗೇಂದ್ರ, ಕಾರ್ನರ್ ಮನೆ (11:17)
ನೋಡಿ, ಸಿಸ್ಟರೇ ಹೇಳಿದರು, ಕಟ್ಟಡದವರದೇ ತಪ್ಪು.

ಶಬೀನಾ ಸಿಸ್ಟರ್, 3ನೇ ಕ್ರಾಸ್ (11:18)
ನಾನು ಹಾಗೆ ಹೇಳಿಲ್ಲ. ನಿಮ್ಮ ತಾರಸಿಯಲ್ಲೂ ಎರಡು ಟೈರಿದೆ ನಾಗೇಂದ್ರಣ್ಣ, ನಮ್ಮ ಮಹಡಿಯಿಂದ ಕಾಣುತ್ತೆ. ಮಲಗುತ್ತೇನೆ.

ಚೇತನ್, 2ನೇ ಕ್ರಾಸ್ (ಮಧ್ಯಾಹ್ನ 12:40)
ಹೊಸ ಗುಂಪು ಮಾಡಿದ್ದೇನೆ. "ಎಚ್ಚರಿಕೆ ಮಾತ್ರ". ಸೇರಿಕೊಳ್ಳಿ. ಸದ್ಯಕ್ಕೆ ಒಂಬತ್ತು ಜನ.

ಲಲಿತಮ್ಮ, ಪಾರ್ಕ್ ಎದುರು (12:52)
ಹೆಸರು ಅಪಶಕುನದ ಹಾಗಿದೆ. "ಸುರಕ್ಷಾ" ಅಂತ ಇಡಿ.

ಶ್ರೀಧರ್, 3ನೇ ಕ್ರಾಸ್ (12:55)
"ಜಲದರ್ಶಿನಿ" ಚೆನ್ನಾಗಿರುತ್ತೆ.

ನಾಗೇಂದ್ರ, ಕಾರ್ನರ್ ಮನೆ (1:10)
ನನ್ನನ್ನು ಕೇಳದೆ ಗುಂಪು ಮಾಡಿದ್ದು ಸರಿಯಲ್ಲ. ಸಂಘ ಇರುವುದು ಯಾಕೆ? ಭಾನುವಾರ ಹತ್ತು ಗಂಟೆಗೆ ಪಾರ್ಕಲ್ಲಿ ಸಭೆ. ವಿಷಯ: ಒಂದು, ಗಣಪತಿ ಲೆಕ್ಕ. ಎರಡು, ಗೂರ್ಖಾ. ಮೂರು, ಇತರೆ.

ಸವಿತಾ, 3ನೇ ಕ್ರಾಸ್ (1:12)
ನಮ್ಮನೆ ಮುಳುಗಿದ್ದು ಇತರೆಯಾ?

ಶ್ರೀಧರ್, 3ನೇ ಕ್ರಾಸ್ (1:20)
ಸ್ಲ್ಯಾಬನ್ನು ಒಂದು ಅಡಿ ಕತ್ತರಿಸಿ ಕಬ್ಬಿಣದ ಜಾಲರಿ ಹಾಕಿದರೆ ನೀರು ಒಳಗೆ ಇಳಿಯುತ್ತೆ, ಕಾರೂ ನಿಲ್ಲುತ್ತೆ. ಗಾರೆಯವರನ್ನು ನಾನು ಕರೆಸುತ್ತೇನೆ. ಖರ್ಚು ಹನ್ನೊಂದು ಮನೆಯವರು ಹಂಚಿಕೊಳ್ಳುತ್ತೇವೆ. ನಾಗೇಂದ್ರಣ್ಣ ಹೂಂ ಅಂದರೆ ಸಾಕು.

ನಾಗೇಂದ್ರ, ಕಾರ್ನರ್ ಮನೆ (1:21)
ಅದನ್ನೂ ಇತರೆಯಲ್ಲಿ ಮಾತಾಡೋಣ.

ಮಾದೇವಣ್ಣ, ಅಂಗಡಿ (3:35)
ಅಂಗಡಿ ಮುಂದೆ ಬಿಳೀ ಕಾರು ಯಾರದ್ದು? ಬ್ಲೀಚಿಂಗ್ ಪುಡಿ ಲೋಡ್ ಬಂದಿದೆ, ಇಳಿಸಬೇಕು. ಸಿಸ್ಟರ್ ಹೇಳಿದ ಮೇಲೆ ಒಂದೇ ಗಂಟೆಯಲ್ಲಿ ಖಾಲಿಯಾಗಿತ್ತು.

ರವಿ, ಖಜಾಂಚಿ (ಸಂಜೆ 6:48)
ಗಣಪತಿ ಲೆಕ್ಕದ ಪುಸ್ತಕ. ಮೂರು ಪುಟದ ಫೋಟೋ ಹಾಕಿದ್ದೇನೆ. ಯಾರಿಗೆ ಅನುಮಾನವೋ ಅವರು ಬಂದು ಬಿಲ್ಲೂ ನೋಡಬಹುದು.

ನಾಗೇಂದ್ರ, ಕಾರ್ನರ್ ಮನೆ (6:53)
ಹೂವಿಗೆ ಇಷ್ಟೊಂದಾ?

ಚೇತನ್, 2ನೇ ಕ್ರಾಸ್ (7:05)
ಹೊಸ ಗುಂಪಿನಲ್ಲಿ ಒಂಬತ್ತೇ ಜನ ಇರುವುದಕ್ಕೆ ಇಲ್ಲೂ ಹಾಕುತ್ತಿದ್ದೇನೆ. ಮುಂದಿನ 3 ಗಂಟೆಯಲ್ಲಿ ಮೈಸೂರು ಜಿಲ್ಲೆಯ ಕೆಲವು ಕಡೆ ಗುಡುಗು, ಮಿಂಚು ಸಹಿತ ಮಳೆ.

ನಾಗೇಂದ್ರ, ಕಾರ್ನರ್ ಮನೆ (7:06)
ರವಿ, ಎರಡನೇ ಪುಟ ಮಸುಕಾಗಿದೆ. ಇನ್ನೊಂದು ಸಲ ತೆಗೆದು ಹಾಕಿ.

ಲಲಿತಮ್ಮ, ಪಾರ್ಕ್ ಎದುರು (7:06)
ಆರ್ಕೆಸ್ಟ್ರಾದವರಿಗೆ ಊಟ ಹಾಕಿದ್ದು ನಾವು. ಅದಕ್ಕೂ ಬಿಲ್ಲಿದೆಯಲ್ಲ!

ಸವಿತಾ, 3ನೇ ಕ್ರಾಸ್ (7:07)
ಚೇತನ್, ಹಳದಿನಾ, ಕಿತ್ತಳೆನಾ?

ರವಿ, ಖಜಾಂಚಿ (7:09)
ಎರಡನೇ ಪುಟ, ಇಗೋ.