ಟ್ಯಾಂಕ್ ಗಾಡಿ: ಎರಡು ಚಕ್ರವೋ, ನಾಲ್ಕು ಚಕ್ರವೋ

ಭಾವ: ನಮ್ಮ ಸ್ಕೂಬಾ ಡೈವಿಂಗ್ ಗಾಳಿ ಟ್ಯಾಂಕ್‌ಗಳನ್ನು ಕಾರಿನಿಂದ ಸಮುದ್ರದ ದಡಕ್ಕೆ ಸಾಗಿಸಲು ಎಲ್ಲರೂ ಸೇರಿ ಒಂದೇ ಗಾಡಿ ಕೊಳ್ಳುವುದೆಂದು ಒಪ್ಪಿಕೊಂಡಿದ್ದೇವೆ. ನನ್ನ ಮತ ನಾಲ್ಕು ಚಕ್ರದ ಮಡಿಸುವ ಗಾಡಿಗೆ. ನಾಲ್ಕು ಟ್ಯಾಂಕ್‌ಗಳನ್ನು ಒಟ್ಟಿಗೆ ಮಲಗಿಸಬಹುದು, ಅವುಗಳ ಮೇಲೆ ಈಜಲು ಕಾಲಿಗೆ ಹಾಕುವ ಫಿನ್‌ಗಳನ್ನೂ ಟ್ಯಾಂಕಿನ ಗಾಳಿಯನ್ನು ಉಸಿರಾಡಲು ಒದಗಿಸುವ ರೆಗ್ಯುಲೇಟರ್‌ಗಳ ಚೀಲಗಳನ್ನೂ ಇಡಬಹುದು, ಮಡಿಸಿದರೆ ಕಾರಿನ ಡಿಕ್ಕಿಯ ಒಂದು ಮೂಲೆ ಸಾಕು. 100 ಕಿಲೋ ಹೊರುತ್ತದೆಂದು ಅದರ ಮೇಲೆಯೇ ಬರೆದಿದೆ. ನಮ್ಮ ನಾಲ್ಕು ಟ್ಯಾಂಕ್‌ಗಳ ಒಟ್ಟು ತೂಕ ಅದಕ್ಕಿಂತ ಕಡಿಮೆ.

ತಮ್ಮ: ನನಗೂ ಭಾವ ಹೇಳಿದ್ದೇ ಸರಿ ಎನಿಸುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ನೀರಿನ ಬಳಿಗೆ ಸಾಗಿಸಬಹುದಾದರೆ ಎರಡು ಸಲ ಏಕೆ ಓಡಾಡಬೇಕು?

ನಾನು: ಭಾವ, ತೂಕದ ಲೆಕ್ಕವನ್ನು ನಾನೂ ಹಾಕಿದೆ. 11.1 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್ ಖಾಲಿ ಇರುವಾಗಲೇ 14 ಕಿಲೋ ದಾಟುತ್ತದೆ. 207 ಬಾರ್ ಒತ್ತಡದವರೆಗೆ ತುಂಬಿಸಿದಾಗ ಒಳಗಿನ ಗಾಳಿಯೊಂದೇ ಎರಡೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ. ವಾಲ್ವ್ ಸೇರಿದರೆ ಒಂದೊಂದೂ 17ರಿಂದ 18 ಕಿಲೋ. ಚಿಕ್ಕಪ್ಪನವರ 15 ಲೀಟರಿನ ಉಕ್ಕಿನ ಟ್ಯಾಂಕ್ ತುಂಬಿದಾಗ 20 ಕಿಲೋ ಮೀರುತ್ತದೆ. ಹೀಗಾಗಿ ನಾಲ್ಕು ಟ್ಯಾಂಕ್‌ಗಳಿಗೇ ಸುಮಾರು 75 ಕಿಲೋ ಆಯಿತು, ನೀರಿನಲ್ಲಿ ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕಗಳನ್ನೂ ಚೀಲಗಳನ್ನೂ ಸೇರಿಸಿದರೆ 100ರ ಅಂಚಿಗೇ ಬರುತ್ತೇವೆ. ಆದರೆ ನನ್ನ ತಕರಾರು ತೂಕದ್ದಲ್ಲ. ಗಾಡಿಯ ಮೇಲೆ ಬರೆದಿರುವ ಆ 100 ಕಿಲೋ ಗಟ್ಟಿಯಾದ, ಸಮತಟ್ಟಾದ ನೆಲಕ್ಕೆ ಹೇಳಿದ್ದು. ನಾವು ಗಾಡಿ ಎಳೆಯಬೇಕಾಗಿರುವುದು ಒಣ ಮರಳಿನಲ್ಲಿ. ಅಂಗೈ ಅಗಲವೂ ಇಲ್ಲದ, ಗಟ್ಟಿ ಪ್ಲಾಸ್ಟಿಕ್ಕಿನ ಚಿಕ್ಕ ಚಕ್ರಗಳು ಅಷ್ಟು ಭಾರಕ್ಕೆ ಮರಳನ್ನು ಸೀಳಿಕೊಂಡು ಇಳಿಯುತ್ತವೆ. ಮುಂದಿನ ಎರಡು ಚಕ್ರಗಳು ತಮ್ಮೆದುರಿಗೆ ಮರಳಿನ ದಿಬ್ಬವನ್ನೇ ಕಟ್ಟಿಕೊಳ್ಳುತ್ತವೆ. ಆಮೇಲೆ ಚಕ್ರ ಉರುಳುವುದಿಲ್ಲ, ಇಡೀ ಗಾಡಿಯನ್ನು ನೇಗಿಲಿನಂತೆ ಎಳೆಯಬೇಕಾಗುತ್ತದೆ.

ಭಾವ: ಅಗಲ ಚಕ್ರದ ನಾಲ್ಕು ಗಾಲಿ ಗಾಡಿಗಳೂ ಸಿಗುತ್ತವೆ. ಅದನ್ನೇ ಆರಿಸಬಹುದಲ್ಲ?

ನಾನು: ಸಿಗುತ್ತವೆ, ಕಿರಿದಾದ ಚಕ್ರಕ್ಕಿಂತ ಅವು ಖಂಡಿತ ಮೇಲು. ಆದರೂ ಅಗಲವೊಂದೇ ಸಾಲದು. ಮೆತ್ತಗಿನ ಟೈರ್ ನೆಲದ ಮೇಲೆ ಹಾಕುವ ಒತ್ತಡ ಅದರೊಳಗಿನ ಗಾಳಿಯ ಒತ್ತಡಕ್ಕೆ ಹತ್ತಿರವಿರುತ್ತದೆ. ಮರಳಿಗೆಂದೇ ಮಾಡಿದ ಪಾಲಿಯುರೆಥೇನ್ ಬಲೂನ್ ಚಕ್ರಗಳಲ್ಲಿ ಗಾಳಿ ತುಂಬುವುದು 2ರಿಂದ 4 ಪಿಎಸ್‌ಐ ಮಾತ್ರ, ಅಂದರೆ ಒಂದು ಬಾರ್‌ನ ಮೂರನೇ ಒಂದು ಭಾಗವೂ ಇಲ್ಲ. ಆ ಕಾರಣದಿಂದಲೇ ಚಕ್ರ ಚಪ್ಪಟೆಯಾಗಿ ಹರಡಿಕೊಂಡು, ಮರಳನ್ನು ಕೊರೆಯದೆ ಅದರ ಮೇಲೆ ಸಾಗುತ್ತದೆ. ಗಟ್ಟಿ ಚಕ್ರ ಎಷ್ಟೇ ಅಗಲವಾಗಿದ್ದರೂ ಹಾಗೆ ಹರಡಲಾರದು. ಇಂಥ ಎರಡು ದೊಡ್ಡ ಬಲೂನ್ ಚಕ್ರಗಳು, ಮೇಲೆ ಟ್ಯಾಂಕ್ ಕೂರಿಸುವ ಎರಡು ತೊಟ್ಟಿಲುಗಳು, ಒಂದು ಉದ್ದನೆಯ ಹಿಡಿ: ನನಗೆ ಬೇಕಾಗಿರುವುದು ಇಷ್ಟೇ.

ಚಿಕ್ಕಪ್ಪ: ಅಳಿಯಂದಿರೇ, ನನ್ನದೂ ಎರಡು ಚಕ್ರದ ಪಕ್ಷ, ಆದರೆ ನನ್ನ ಕಾರಣ ಬೇರೆ. ನಾಲ್ಕು ಚಕ್ರದ ಬಟ್ಟೆಯ ಗಾಡಿಯಲ್ಲಿ ಟ್ಯಾಂಕ್‌ಗಳನ್ನು ಒಂದರ ಪಕ್ಕ ಒಂದು ಸುಮ್ಮನೆ ಮಲಗಿಸುತ್ತೇವೆ. ಗಾಡಿ ಒಂದು ಕಲ್ಲಿಗೆ ತಾಗಿದರೆ ಸಾಕು, ದುಂಡಗಿನ ಟ್ಯಾಂಕ್‌ಗಳು ಉರುಳಿ ಒಂದರ ವಾಲ್ವ್ ಇನ್ನೊಂದರ ಹೆಗಲಿಗೆ ಬಡಿಯುತ್ತದೆ. 200 ಬಾರ್ ಒತ್ತಡ ತುಂಬಿರುವ ಟ್ಯಾಂಕಿನಲ್ಲಿ ಪೆಟ್ಟು ತಿನ್ನಬಾರದ ಜಾಗವೊಂದಿದ್ದರೆ ಅದು ವಾಲ್ವ್. ಅದು ಮುರಿದರೆ ಒಳಗಿನ ಗಾಳಿ ನುಗ್ಗುವ ರಭಸಕ್ಕೆ ಟ್ಯಾಂಕೇ ಹಾರಿಹೋಗುತ್ತದೆ. ವಾಲ್ವ್ ಮುರಿಯುವುದು ಅಪರೂಪ ಎಂದು ನೀವು ಹೇಳಬಹುದು, ಒಪ್ಪುತ್ತೇನೆ. ಆದರೆ ಉಜ್ಜಾಟಕ್ಕೆ ಉಕ್ಕಿನ ಟ್ಯಾಂಕಿನ ಬಣ್ಣ ಕಿತ್ತುಬರುವುದು ಅಪರೂಪವೇನಲ್ಲ, ಬಣ್ಣ ಹೋದ ಜಾಗದಲ್ಲಿ ಉಪ್ಪುನೀರು ತಾಗಿದರೆ ತುಕ್ಕು ಶುರುವಾಯಿತೆಂದೇ ಲೆಕ್ಕ.

ಅಕ್ಕ: ಚಿಕ್ಕಪ್ಪ, ಹಾಗಾದರೆ ಪ್ರತಿಯೊಂದು ಟ್ಯಾಂಕಿಗೂ ಬೇರೆ ಬೇರೆ ಪಟ್ಟಿ ಬೇಕೇ ಬೇಕು ಎನ್ನುತ್ತೀರಾ?

ಚಿಕ್ಕಪ್ಪ: ಬೇಕೇ ಬೇಕು, ಅದೂ ಒಂದೊಂದಕ್ಕೆ ಎರಡೆರಡು. ಒಂದು ಹೆಗಲಿನಿಂದ ಸ್ವಲ್ಪ ಕೆಳಗೆ, ಇನ್ನೊಂದು ತಳದ ಹತ್ತಿರ. ಬಿಗಿದ ಮೇಲೆ ವಾಲ್ವ್ ಅನ್ನು ಮುಟ್ಟದೆ, ಟ್ಯಾಂಕಿನ ಮೈಯನ್ನು ಎರಡೂ ಕೈಯಿಂದ ಹಿಡಿದು ತಿರುಗಿಸಿ ನೋಡಬೇಕು. ತಿರುಗಿದರೆ ಪಟ್ಟಿ ಇನ್ನೂ ಸಡಿಲ ಎಂದರ್ಥ. ತೊಟ್ಟಿಲಿನ ಒಳಮೈಗೆ ರಬ್ಬರ್ ಇರಲಿ. ವಾಲ್ವಿನ ಬಾಯಿಗೆ ಮುಚ್ಚಳ ಹಾಕದೆ ಗಾಡಿಗೆ ಏರಿಸಬಾರದು. ಗಾಳಿ ಸೋರದಂತೆ ತಡೆಯುವ ಓ-ರಿಂಗ್ ಎಂಬ ರಬ್ಬರ್ ಬಳೆ ಕೂರುವ ಸಂದಿಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೂ ರೆಗ್ಯುಲೇಟರ್ ಕೂರಿಸಿ ವಾಲ್ವ್ ತೆರೆದ ಕೂಡಲೇ ಗಾಳಿ ಬುಸುಗುಡುತ್ತದೆ.

ಅಕ್ಕ: ಮರಳಿನ ಮಾತು ಸರಿ. ಆದರೆ ಕಾರು ನಿಲ್ಲಿಸುವ ಜಾಗದಿಂದ ಮರಳಿನವರೆಗೆ ಮೆಟ್ಟಿಲುಗಳಿದ್ದರೆ ಏನು ಮಾಡುವುದು? ಮೆಟ್ಟಿಲು ಹತ್ತಲೆಂದೇ ಒಂದೊಂದು ಬದಿಗೆ ಮೂರು ಪುಟ್ಟ ಚಕ್ರಗಳಿರುವ ಟ್ರಾಲಿಗಳು ಬರುತ್ತವೆ. ನನ್ನ ಬೆನ್ನಿನ ದೃಷ್ಟಿಯಿಂದ ನನಗೆ ಮುಖ್ಯವಾಗಿ ಕಾಣುವುದು ಅದು.

ನಾನು: ಅಕ್ಕ, ನಿನ್ನ ಬೆನ್ನಿನ ವಿಚಾರ ನನ್ನ ಮನಸ್ಸಿನಲ್ಲೂ ಇದೆ. ಆ ಟ್ರಾಲಿ ಕಟ್ಟಡದೊಳಗಿನ ಮೆಟ್ಟಿಲಿಗೆ ತುಂಬಾ ಒಳ್ಳೆಯದು, ಆದರೆ ಅದರ ಪುಟ್ಟ ಚಕ್ರಗಳು ಮರಳಿಗಿಳಿದರೆ ಭಾವನ ಗಾಡಿಗಿಂತ ಬೇಗ ಹೂತುಹೋಗುತ್ತವೆ. ಸಾದಾ ಚಕ್ರವೂ ಮೆಟ್ಟಿಲು ಹತ್ತಬಲ್ಲದು, ಅದರ ಅರ್ಧವ್ಯಾಸ ಮೆಟ್ಟಿಲಿನ ಎತ್ತರಕ್ಕಿಂತ ಸಾಕಷ್ಟು ಹೆಚ್ಚಿರಬೇಕು ಅಷ್ಟೆ. 40 ಸೆಂಟಿಮೀಟರ್ ವ್ಯಾಸದ ಚಕ್ರ ಎಂದರೆ ಅರ್ಧವ್ಯಾಸ 20. 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನ ಮೇಲೆ ಅದನ್ನು ಹಿಮ್ಮುಖವಾಗಿ ಎಳೆದುಕೊಳ್ಳಬಹುದು. ಎರಡು ಟ್ಯಾಂಕ್ ಇದ್ದಾಗ ಇಬ್ಬರು ಹಿಡಿದುಕೊಂಡರೆ ಯಾರ ಬೆನ್ನಿಗೂ ತೊಂದರೆಯಾಗದು. ನಾಲ್ಕು ಟ್ಯಾಂಕ್ ಹೇರಿದ ಗಾಡಿಯನ್ನು ಮಾತ್ರ ಮೆಟ್ಟಿಲ ಬಳಿ ನಿಲ್ಲಿಸಿ ಒಂದೊಂದಾಗಿ ಇಳಿಸಲೇಬೇಕಾಗುತ್ತದೆ, ಅಲ್ಲಿಗೆ ಒಂದೇ ಸಲಕ್ಕೆ ಒಯ್ಯುವ ಉಳಿತಾಯವೂ ಕೈಬಿಟ್ಟಂತೆಯೇ.

ನಿನ್ನ ಬೆನ್ನಿಗೆ ಇನ್ನೂ ಮುಖ್ಯವಾದದ್ದು ಎರಡು ಚಕ್ರಗಳನ್ನು ಜೋಡಿಸುವ ಅಚ್ಚಿನ ಜಾಗ. ಹಿಡಿಯನ್ನು ಸೊಂಟದ ಎತ್ತರಕ್ಕೆ ಬಗ್ಗಿಸಿದಾಗ ಟ್ಯಾಂಕ್‌ಗಳ ಭಾರದ ನಡುಬಿಂದು ಅಚ್ಚಿನ ನೇರ ಮೇಲಕ್ಕೆ ಬರುವಂತಿದ್ದರೆ ಎಲ್ಲ ತೂಕವನ್ನೂ ಚಕ್ರಗಳೇ ಹೊರುತ್ತವೆ, ಕೈಗೆ ಉಳಿಯುವುದು ಎಳೆಯುವ ಕೆಲಸ ಮಾತ್ರ. ಅಚ್ಚು ಒಂದು ಗೇಣು ಹಿಂದಕ್ಕೋ ಮುಂದಕ್ಕೋ ಇದ್ದರೆ, ದಾರಿಯುದ್ದಕ್ಕೂ ಹಿಡಿಯನ್ನು ಎತ್ತಿ ಹಿಡಿದಿರಬೇಕು ಅಥವಾ ಅದುಮಿ ಹಿಡಿದಿರಬೇಕು. ಚಿತ್ರ ನೋಡಿದರೆ ಇದು ಗೊತ್ತಾಗದು. ತುಂಬಿದ ಟ್ಯಾಂಕ್‌ಗಳನ್ನು ಕಟ್ಟಿ ಹಿಡಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡದೆ ಯಾವ ಗಾಡಿಯನ್ನೂ ಒಪ್ಪಿಕೊಳ್ಳಬಾರದೆಂದು ನನ್ನ ಬಲವಾದ ಅಭಿಪ್ರಾಯ.

ತಮ್ಮ: ಚಿಕ್ಕಕ್ಕ, ಗಾಡಿಯನ್ನು ತಳ್ಳಿಕೊಂಡು ಹೋಗುವುದು ಸುಲಭವಲ್ಲವೇ? ಎಳೆಯುವುದು ಎಂದೇ ಏಕೆ ಹೇಳುತ್ತಿದ್ದೀಯ?

ನಾನು: ಗಟ್ಟಿ ನೆಲದಲ್ಲಿ ತಳ್ಳಬಹುದು, ಮುಂದೆ ಏನಿದೆಯೆಂದು ಕಾಣುತ್ತದೆ. ಮರಳಿನಲ್ಲಿ ತಳ್ಳುವಾಗ ನಮ್ಮ ಬಲದ ಒಂದು ಪಾಲು ಚಕ್ರವನ್ನು ಕೆಳಕ್ಕೆ ಒತ್ತುತ್ತದೆ, ಎಳೆಯುವಾಗ ಅದೇ ಪಾಲು ಚಕ್ರವನ್ನು ಮೇಲಕ್ಕೆತ್ತುತ್ತದೆ.

ಭಾವ: ಇಷ್ಟೆಲ್ಲ ಗುಣವಿರುವ ಬಲೂನ್ ಚಕ್ರಕ್ಕೆ ಒಂದು ಚೂಪಾದ ಚಿಪ್ಪು ಚುಚ್ಚಿದರೆ ಏನಾಗುತ್ತದೆ ಎಂಬುದನ್ನು ಯಾರೂ ಹೇಳುತ್ತಿಲ್ಲ. ನಾವು ಬಂಡೆಗಳಿರುವ ದಡಕ್ಕೂ ಹೋಗುತ್ತೇವೆ. ನನ್ನ ಗಟ್ಟಿ ಚಕ್ರ ಎಲ್ಲಿಯೂ ಪಂಕ್ಚರ್ ಆಗುವುದಿಲ್ಲ.

ನಾನು: ಇದು ನ್ಯಾಯವಾದ ಆಕ್ಷೇಪ, ಭಾವ. ಬಂಡೆಯ ದಡಕ್ಕೆ ಬಲೂನ್ ಚಕ್ರ ಸೂಕ್ತವಲ್ಲ. ಬಿಸಿಲಿನಲ್ಲಿ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಚಕ್ರ ಉಬ್ಬುತ್ತದೆ ಎಂಬುದೂ ನಿಜ; ಅದಕ್ಕೇ ಬೆಳಿಗ್ಗೆಯೇ ಬಿಗಿಯಾಗಿ ತುಂಬಿಸಬಾರದು. ಆದರೆ ಬಂಡೆಗಳಿರುವ ಕಡೆ ಯಾವ ಗಾಡಿಯೂ ನೀರಿನವರೆಗೆ ಹೋಗುವುದಿಲ್ಲ, ಕೊನೆಯ ತುಂಡು ದಾರಿಯಲ್ಲಿ ಟ್ಯಾಂಕ್ ನಮ್ಮ ಬೆನ್ನ ಮೇಲೆಯೇ ಇರುತ್ತದೆ. ಗಾಡಿಯ ಅಗತ್ಯ ಹೆಚ್ಚಾಗಿ ಬೀಳುವುದು ಉದ್ದನೆಯ ಮರಳ ದಾರಿಯಲ್ಲಿ. ಅದರಲ್ಲೂ ವಾಪಸ್ ಬರುವಾಗ. ಟ್ಯಾಂಕಿನಲ್ಲಿ 50 ಬಾರ್ ಉಳಿಸಿಕೊಂಡು ಮೇಲೆ ಬಂದರೆ ಕಡಿಮೆಯಾಗಿರುವುದು ಸುಮಾರು 2 ಕಿಲೋ ಗಾಳಿ ಮಾತ್ರ. ವೆಟ್‌ಸೂಟ್ ಮತ್ತು ಬಿಸಿಡಿ (ನೀರಿನಲ್ಲಿ ತೇಲುವಿಕೆಯನ್ನು ಹಿಡಿತದಲ್ಲಿಡಲು ಗಾಳಿ ತುಂಬುವ ಅಂಗಿ) ಹೀರಿಕೊಂಡಿರುವ ನೀರು ಆ ಲಾಭವನ್ನು ಸುಲಭವಾಗಿ ನುಂಗಿಬಿಡುತ್ತದೆ. ದಣಿದಿರುತ್ತೇವೆ, ದಾರಿ ದಡದಿಂದ ಮೇಲಕ್ಕೆ ಏರುತ್ತದೆ. ಡೈವ್ ಮುಗಿದ ಕೂಡಲೇ ಭಾರ ಎತ್ತಿ ಏದುಸಿರು ಬಿಡುವುದು ಡಿಕಂಪ್ರೆಶನ್ ಕಾಯಿಲೆಯ (ಮೈಯಲ್ಲಿ ಕರಗಿದ ಅನಿಲ ಗುಳ್ಳೆಗಳಾಗಿ ಬರುವ ಕಾಯಿಲೆಯ) ಅಪಾಯವನ್ನು ಹೆಚ್ಚಿಸಬಲ್ಲದೆಂದು ತರಬೇತಿಯಲ್ಲೇ ಕಲಿತಿದ್ದೇವೆ. ಗಾಡಿ ಆ ಏರಿಗೆ ಒದಗಬೇಕು, ಹೋಗುವಾಗಿನ ಇಳಿಜಾರಿಗಲ್ಲ.

ಅಕ್ಕ: ಈ ಮಾತು ನನಗೆ ಒಪ್ಪಿಗೆಯಾಯಿತು. ಎರಡೆರಡು ಟ್ಯಾಂಕ್ ಒಯ್ದರೆ ಎರಡು ಸಲ ಓಡಾಡಬೇಕಾಗುತ್ತದೆ, ಆದರೆ ಎರಡೂ ಸಲ ನಿಂತುಕೊಳ್ಳದೆ ಹೋಗಬಹುದು.

ಚಿಕ್ಕಪ್ಪ: ಬೇರಿಂಗ್ ವಿಚಾರವನ್ನೂ ಈಗಲೇ ಇತ್ಯರ್ಥ ಮಾಡೋಣ. ಚಕ್ರದೊಳಗೆ ಸಾದಾ ಬಾಲ್ ಬೇರಿಂಗ್ ಇದ್ದರೆ ಬೇಡವೆನ್ನಿ. ಉಪ್ಪುನೀರು ಹೊಕ್ಕರೆ ಗುಂಡುಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಗುಂಡುಗಳಿಲ್ಲದ ನೈಲಾನ್ ಕೊಳವೆ, ಅಂದರೆ ಬುಷ್, ನಿಧಾನಕ್ಕೆ ಸವೆಯುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ, ಬದಲಿಸುವುದೂ ಸುಲಭ. ಅಚ್ಚು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, 304ಕ್ಕಿಂತ ಅದು ಸಮುದ್ರದ ಉಪ್ಪನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ. ಚೌಕಟ್ಟು ಅಲ್ಯೂಮಿನಿಯಮ್ಮಿನದಾದರೆ ಸ್ಟೀಲ್ ಬೋಲ್ಟ್ ತಾಗುವ ಕಡೆಯಲ್ಲೆಲ್ಲ ನೈಲಾನ್ ವಾಷರ್ ಹಾಕಿಸಿ, ಇಲ್ಲವಾದರೆ ಉಪ್ಪುನೀರಿನಲ್ಲಿ ಎರಡು ಲೋಹಗಳು ಸೇರಿದ ಜಾಗದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಕೊಳವೆಗಳ ತಳದಲ್ಲಿ ನೀರು ಸೋರಿಹೋಗಲು ರಂಧ್ರಗಳಿವೆಯೇ ಎಂಬುದನ್ನೂ ನೋಡಿ.

ತಮ್ಮ: ಗಾಡಿಯನ್ನು ಕೊನೆಯಲ್ಲಿ ಬಳಸಿದವರು ಸಿಹಿನೀರಿನಿಂದ ತೊಳೆದು, ಚಕ್ರ ಬಿಚ್ಚಿ ಅಚ್ಚನ್ನು ಒರೆಸಿ ಕೊಡಬೇಕೆಂದು ನಾವು ಒಂದು ನಿಯಮ ಮಾಡಿಕೊಳ್ಳೋಣವೇ? ಗಾಡಿ ಎಲ್ಲರದ್ದೂ ಆಗಿರುವುದರಿಂದ ಇದನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಚಿಕ್ಕಪ್ಪ: ಒಳ್ಳೆಯ ಮಾತು ಹೇಳಿದೆ. ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಬಿಟ್ಟು ಯಾರೂ ಆಚೆ ಹೋಗಬಾರದು ಎಂಬುದನ್ನೂ ಅದರ ಕೆಳಗೇ ಸೇರಿಸು.

ಭಾವ: ಮಾವನವರೇ, ನಿಮ್ಮ ಮಾತಿಗೂ ಬಲೂನ್ ಚಕ್ರದ ವಾದಕ್ಕೂ ನಾನು ತಲೆಬಾಗುತ್ತೇನೆ, ಆದರೆ ಎರಡು ಷರತ್ತುಗಳಿವೆ. ಚಕ್ರಗಳು ಉಪಕರಣವಿಲ್ಲದೆ, ಒಂದು ಪಿನ್ ಎಳೆದರೆ ಬಿಚ್ಚಿಕೊಳ್ಳಬೇಕು, ಇಲ್ಲವಾದರೆ ಆ ಗಾಡಿ ಡಿಕ್ಕಿಗೆ ಹಿಡಿಯುವುದಿಲ್ಲ. ಟ್ಯಾಂಕ್‌ಗಳ ಮುಂದೆ ಚೀಲ ಇಡಲು ಒಂದು ಚಿಕ್ಕ ಹಲಗೆಯೂ ಇರಬೇಕು.

ನಾನು: ಎರಡಕ್ಕೂ ನನ್ನ ಒಪ್ಪಿಗೆ ಇದೆ. ಹಲಗೆ ಅಚ್ಚಿಗೆ ಹತ್ತಿರವಿರಲಿ, ದೂರ ಹೋದರೆ ಹಿಡಿಯ ಭಾರ ಬದಲಾಗುತ್ತದೆ. ಸೀಸದ ತೂಕಗಳನ್ನು ಮಾತ್ರ ಅದರ ಮೇಲೆ ಇಡುವುದು ಬೇಡ. ತೊಟ್ಟಿಲಿನ ಅಗಲದ ವಿಚಾರದಲ್ಲಿ ಒಂದು ಎಚ್ಚರಿಕೆ: ಅಲ್ಯೂಮಿನಿಯಂ ಟ್ಯಾಂಕಿನ ವ್ಯಾಸ 184 ಮಿಲಿಮೀಟರ್, ಚಿಕ್ಕಪ್ಪನವರ ಉಕ್ಕಿನದು ಸುಮಾರು 204. ಆದ್ದರಿಂದ ತೊಟ್ಟಿಲು ದೊಡ್ಡದಕ್ಕೆ ಹೊಂದುವಂತಿರಲಿ, ಚಿಕ್ಕದಕ್ಕೆ ರಬ್ಬರ್ ಪದರ ಸೇರಿಸಿ ಬಿಗಿಯೋಣ. ಉಕ್ಕಿನ ಟ್ಯಾಂಕಿನ ತಳ ಗುಂಡಗಿರುವುದರಿಂದ ಅದನ್ನು ಬೂಟ್ (ತಳಕ್ಕೆ ಹಾಕುವ ಕವಚ) ಸಮೇತವೇ ಕೂರಿಸಬೇಕು, ತಳಪಟ್ಟಿಯ ಅಳತೆಯಲ್ಲಿ ಅದನ್ನೂ ಲೆಕ್ಕ ಹಿಡಿಯಬೇಕು. ಭಾವ, ನಿಮ್ಮ ಕಾರಿನ ಡಿಕ್ಕಿಯ ಬಾಯಿಯ ಅಗಲವನ್ನೂ ಒಳಗಿನ ಆಳವನ್ನೂ ಅಳೆದು ಇಲ್ಲಿಯೇ ಬರೆಯಿರಿ. ಅಚ್ಚಿನ ಉದ್ದವನ್ನು ಅದಕ್ಕೆ ತಾಳೆ ನೋಡಿ ಗಾಡಿಯನ್ನು ಅಂತಿಮಗೊಳಿಸುತ್ತೇನೆ.

ಭಾವ: ಸಂಜೆಯೊಳಗೆ ಅಳತೆ ಕಳುಹಿಸುತ್ತೇನೆ.