ಪಕ್ಕದ ಮನೆ ಮಹಡಿ ಕಿಟಕಿಗೆ ಬಳ್ಳಿಯ ಮರೆ: ಯಾವ ಬಳ್ಳಿ, ಎಷ್ಟು ಎತ್ತರ?

ಹಿತ್ತಲಬಾಗಿಲು (ಚಿಕ್ಕಮಗಳೂರು)

ಮನೆ ಟೌನ್ ಒಳಗೇ. ಪೂರ್ವದ ಕಾಂಪೌಂಡ್ 22 ಅಡಿ ಉದ್ದ, ನಾಲ್ಕೂವರೆ ಅಡಿ ಎತ್ತರ, 6 ಇಂಚಿನ ಸಿಮೆಂಟ್ ಬ್ಲಾಕಿನದು. ಕಾಂಪೌಂಡಿಗೂ ಅಡುಗೆಮನೆ ಗೋಡೆಗೂ ನಡುವೆ 6 ಅಡಿ ಜಾಗ. ಬಟ್ಟೆ ಒಗೆಯೋದು, ಪಾತ್ರೆ ತೊಳೆಯೋದು ಎಲ್ಲ ಅಲ್ಲೇ. ಪಕ್ಕದವರು ಈಗ ಮೇಲೊಂದು ಮಹಡಿ ಎತ್ತಿದ್ದಾರೆ. ಕಾಂಪೌಂಡಿಂದ 5 ಅಡಿ ಆಚೆ ಅವರ ಕಿಟಕಿ, ಅಲ್ಲಿಂದ ನೋಟ ನೇರ ಒಗೆಯೋ ಕಲ್ಲಿನ ಮೇಲೆ. ಶೀಟ್ ಹಾಕಿದ್ರೆ ಅಡುಗೆಮನೆ ಕತ್ತಲಾಗುತ್ತೆ. ಬಳ್ಳಿ ಹಬ್ಬಿಸೋಣ ಅಂತ. ನೆಲಕ್ಕೆ ಬಿಸಿಲು ಹತ್ತೂವರೆಯಿಂದ ಒಂದೂವರೆವರೆಗೆ ಮಾತ್ರ. ಮುಳ್ಳಿರಬಾರದು, ಬಟ್ಟೆ ಒಣಹಾಕೋ ಜಾಗ. ಅಮ್ಮನಿಗೆ ಪೂಜೆಗೆ ಜಾಜಿ ಬೇಕಂತೆ. 8 ಅಡಿ ಎತ್ತರ ಸಾಕಾ?

ತಂತಿಚಪ್ಪರ

ಬಳ್ಳಿ ಆಮೇಲೆ, ಮೊದಲು ಎತ್ತರದ ಲೆಕ್ಕ ಮಾಡಿ. ಮಹಡಿಯಲ್ಲಿ ನಿಂತವರ ಕಣ್ಣು ನೆಲದಿಂದ ಸುಮಾರು 15 ಅಡಿ ಮೇಲಿರುತ್ತೆ. ಕಾಂಪೌಂಡಿನ ಹತ್ತಿರ 8 ಅಡಿ ಮರೆ ನಿಲ್ಲಿಸಿದ್ರೆ ಅವರ ನೋಟ 5 ಅಡಿ ದೂರಕ್ಕೆ 7 ಅಡಿ ಇಳಿದು ತುದಿ ದಾಟುತ್ತೆ. ಅದೇ ಇಳಿಜಾರಲ್ಲಿ ಮುಂದಕ್ಕೆ ಎಳೆದರೆ, ನಿಂತವರ ತಲೆ (5 ಅಡಿ ಅಂತಿಟ್ಟುಕೊಳ್ಳಿ) ಕಾಣದೆ ಇರೋದು ಮರೆಯಿಂದ ಎರಡು ಅಡಿ ಒಳಗೆ ಮಾತ್ರ. ಉಳಿದ ನಾಲ್ಕು ಅಡಿ ಬಟಾಬಯಲು.

ನೆಟ್ಟಗೆ ನಿಂತ ಮರೆಯಲ್ಲೇ ಆಗಬೇಕಂದ್ರೆ ಹತ್ತೂವರೆ ಅಡಿ ಬೇಕು. ಅದು ಬೇಡ, ಆಷಾಢದ ಗಾಳಿಗೆ ನಿಲ್ಲಲ್ಲ. 8 ಅಡಿಗೇ ನಿಲ್ಲಿಸಿ, ಅಲ್ಲಿಂದ ಒಳಕ್ಕೆ 3 ಅಡಿ ಚಪ್ಪರ ಚಾಚಿ. ಅಷ್ಟಕ್ಕೆ 6 ಅಡಿಯೂ ಮರೆಯಾಗುತ್ತೆ, ಗೋಡೆ ಕಡೆಯ 3 ಅಡಿ ತೆರೆದೇ ಇರೋದ್ರಿಂದ ಅಡುಗೆಮನೆಗೆ ಬೆಳಕೂ ಬರುತ್ತೆ. ಕಂಬ ಹೂಳೋ ಮುಂಚೆ ಬಿದಿರಿನ ಗಳ (ಉದ್ದ ಕೋಲು) ಕಟ್ಟಿ, ಮೇಲೆ ಹಳೇ ಸೀರೆ ಇಳಿಬಿಟ್ಟು, ಒಗೆಯೋ ಕಲ್ಲಿನ ಹತ್ತಿರ ನಿಂತು ನೋಡಿ. ನಿಮಗೆ ಕಿಟಕಿಯ ಗಾಜು ಕಂಡ್ರೆ ಅವರಿಗೆ ನೀವು ಕಾಣ್ತೀರಿ.

ಕಾಫಿಗಿಡದ ನೆರಳು (ಮೂಡಿಗೆರೆ)

ಮೂರು ಗಂಟೆ ಬಿಸಿಲಲ್ಲಿ ಬೋಗನ್‌ವಿಲ್ಲಾ ಬರೀ ಎಲೆ ಬಿಡುತ್ತೆ, ಮುಳ್ಳು ಬೇರೆ. ರಂಗೂನ್ ಬಳ್ಳಿ ಬಿಸಿಲು ಸಿಗೋ ಮೇಲ್ತುದಿಯಲ್ಲಷ್ಟೇ ಹೂ ಕಟ್ಟುತ್ತೆ, ಬುಡದಿಂದ ಅಲ್ಲಲ್ಲಿ ಮರಿ ಎಬ್ಬಿಸುತ್ತೆ, ಬೇಸಿಗೆಗೆ ಮುಂಚೆ ಎಲೆ ತೆಳುವಾಗುತ್ತೆ. ನಿಮಗೆ ಮರೆ ಬೇಕಾದ ಜಾಗಕ್ಕೆ ಸಲ್ಲಲ್ಲ.

ನನ್ನ ಆಯ್ಕೆ ಕರ್ಟನ್ ಕ್ರೀಪರ್. ಹೂ ಅಂತ ಹೇಳಿಕೊಳ್ಳೋ ಹಾಗಿಲ್ಲ, ಆದರೆ ಹಂಬು ಮೇಲೆ ಹೋಗಿ ಅಲ್ಲಿಂದ ಪರದೆ ಹಾಗೆ ಕೆಳಕ್ಕೆ ಜೋತು ಬೀಳುತ್ತೆ. ಬೇರೆ ಬಳ್ಳಿಗಳು ಮೇಲೆ ಗುಡ್ಡೆಯಾಗಿ ಬುಡ ಬೋಳಾದರೆ, ಇದು ಬುಡವನ್ನೂ ಮುಚ್ಚುತ್ತೆ. ಒಂದು ತೊಂದರೆ: ತಾನಾಗಿ ಸುತ್ತಿಕೊಳ್ಳಲ್ಲ. ಮೇಲೆ ತಲುಪೋ ತನಕ ಅಡಿಗೊಂದು ಕಡೆ ಕಟ್ಟಬೇಕು. ಮೂರೂವರೆ ಅಡಿಗೊಂದರಂತೆ 6 ಗಿಡ ಸಾಕು. ಮುಂಗಾರಲ್ಲಿ ಪೆನ್ಸಿಲ್ ದಪ್ಪದ, ಮೂರ್ನಾಲ್ಕು ಗೆಣ್ಣಿರೋ ಕಡ್ಡಿ ಊರಿದ್ರೂ ಬೇರು ಬಿಡುತ್ತೆ.

ಹೂ ಬೇಕೇ ಬೇಕಂದ್ರೆ ಚಪ್ಪರದ ಭಾಗಕ್ಕೆ ಥನ್‌ಬರ್ಜಿಯಾ ಮೈಸೂರೆನ್ಸಿಸ್ ಒಂದೇ ಗಿಡ. ನಮ್ಮ ಪಶ್ಚಿಮಘಟ್ಟದ್ದೇ, ಅರೆನೆರಳು ತಡೆಯುತ್ತೆ. ಹಳದಿ-ಕಂದುಗೆಂಪು ಹೂಗೊಂಚಲು ಒಂದೂವರೆ ಎರಡು ಅಡಿ ಇಳಿಬೀಳುತ್ತೆ, ತಲೆಗೆ ತಾಗದಂತೆ ಚಪ್ಪರ 8 ಅಡಿಗಿಂತ ಕೆಳಗಿರಬಾರದು. ನೀಲಿ ಥನ್‌ಬರ್ಜಿಯಾ (ಗ್ರಾಂಡಿಫ್ಲೋರಾ) ತರಬೇಡಿ. ಬೇಗ ಹಬ್ಬುತ್ತೆ ನಿಜ, ಆದರೆ ನೆಲದಲ್ಲಿ ಗೆಡ್ಡೆ ಕಟ್ಟುತ್ತೆ, ಕಿತ್ತರೂ ಮತ್ತೆ ಚಿಗುರುತ್ತೆ. ಹಂಚಿನ ಸಂದಿಗೆ ನುಗ್ಗಿದ್ರೆ ಹಂಚನ್ನೇ ಎತ್ತುತ್ತೆ.

ಕರ್ಟನ್ ಕ್ರೀಪರ್ ತುಂಬೋಕೆ ಎರಡು ಮಳೆಗಾಲ ಬೇಕು. ಅಲ್ಲಿ ತನಕ ಒಂದು ತುದಿಯಲ್ಲಿ ಸೀಮೆಬದನೆ ಬಿಡಿ. ಮೊಳಕೆ ಬಂದ ಇಡೀ ಕಾಯನ್ನೇ, ಕತ್ತರಿಸದೆ, ಓರೆಯಾಗಿ ಅರ್ಧ ಹೂಳಿ, ಮೊಳಕೆ ಮೇಲಿರಲಿ. ಎರಡು ಕಾಯಿ ಸಾಕು. ಹೆಚ್ಚಾದ್ರೆ ಎಳೇ ಗಿಡಗಳ ಮೇಲೇ ಕವುಚಿಕೊಳ್ಳುತ್ತೆ.

ಹಿತ್ತಲಬಾಗಿಲು

ಧನ್ಯವಾದ ಸರ್. ಕಂಬಕ್ಕೆ ತೋಟದ ಸಿಲ್ವರ್ ಓಕ್ ಮರದ ಗಳ ಸಿಗುತ್ತೆ, ಕಾಂಪೌಂಡಿಗೇ ಕ್ಲ್ಯಾಂಪ್ ಹಾಕಿ ನಿಲ್ಲಿಸಬಹುದಾ? ಮತ್ತೆ ಜಾಜಿ?

ತಂತಿಚಪ್ಪರ

ಸಿಲ್ವರ್ ಓಕೂ ಬೇಡ, ಕ್ಲ್ಯಾಂಪೂ ಬೇಡ. ಸಿಲ್ವರ್ ಓಕ್ ಮಣ್ಣಲ್ಲಿ ಹೂತರೆ ಬುಡ ಕೊಳೆಯುತ್ತೆ, ಇಲ್ಲ ಗೆದ್ದಲು ತಿನ್ನುತ್ತೆ, ಅದೂ ಬಳ್ಳಿ ಪೂರ್ತಿ ತುಂಬಿದ ಹೊತ್ತಿಗೆ. ಕಾಂಪೌಂಡಿಗೆ ಕಟ್ಟಿದ್ರೆ ಗಾಳಿಯ ತಳ್ಳು ಪೂರಾ ಬ್ಲಾಕ್ ಗೋಡೆಗೆ ಹೋಗಿ ಬಿರುಕು ಬಿಡುತ್ತೆ. ನೆಂದ ಬಳ್ಳಿಯ ಭಾರ ಒಣಗಿದಾಗ ಅಂದಾಜಿಗೆ ಸಿಗಲ್ಲ.

2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್, ಹತ್ತೂವರೆ ಅಡಿಯವು 4. ಗೋಡೆಯಿಂದ 9 ಇಂಚು ಒಳಗೆ, ಏಳೂಕಾಲು ಅಡಿಗೊಂದು. ಎರಡೂವರೆ ಅಡಿ ಗುಂಡಿ, 1:2:4 (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್. ಕಾಂಕ್ರೀಟನ್ನು ನೆಲಕ್ಕಿಂತ ಎರಡು ಇಂಚು ಎತ್ತರಿಸಿ ಸುತ್ತ ಇಳಿಜಾರು ಕೊಡಿ, ನೀರು ನಿಂತರೆ ಪೈಪು ಅಲ್ಲೇ ತುಕ್ಕು ಹಿಡಿಯೋದು. ತುದಿಯ ಎರಡು ಕಂಬಕ್ಕೆ ಓರೆ ಒತ್ತು ಕೊಡಲೇಬೇಕು, ಇಲ್ಲದಿದ್ರೆ ತಂತಿ ಬಿಗಿದ ಕೂಡಲೇ ಒಳಕ್ಕೆ ವಾಲುತ್ತವೆ. ಚಾಚಿದ 3 ಅಡಿಗೂ ಕೆಳಗಿಂದ ಓರೆ ಪೈಪು ವೆಲ್ಡ್ ಮಾಡಿಸಿ.

ಅಡ್ಡಕ್ಕೆ 10 ಗೇಜ್ ಜಿಐ ತಂತಿ, ಅಡಿಗೊಂದು, ಪ್ರತಿ ಸಾಲಿನ ಒಂದು ತುದಿಗೆ ಟರ್ನ್‌ಬಕಲ್ (ತಿರುಗಿಸಿ ತಂತಿ ಬಿಗಿಯೋ ಕೊಂಡಿ). ಸೀಮೆಬದನೆಗೆ ಮೇಲಿಂದ ಕೆಳಕ್ಕೆ ತೆಂಗಿನ ಹುರಿ ಇಳಿಬಿಡಿ. ಹಸಿರು ನೈಲಾನ್ ಬಲೆ ತರಬೇಡಿ. ಬಿಸಿಲಿಗೆ ಪುಡಿಯಾಗುತ್ತೆ, ಅಷ್ಟರಲ್ಲಿ ಬಳ್ಳಿ ಹೆಣೆದುಕೊಂಡಿರುತ್ತೆ, ತೆಗೆಯೋಕೂ ಆಗಲ್ಲ.

ಕಾಫಿಗಿಡದ ನೆರಳು

ಜಾಜಿ ಈ ನೆರಳಲ್ಲಿ ಉದ್ದುದ್ದ ಬೆಳೆದು ಮೊಗ್ಗು ಕಮ್ಮಿ ಕೊಡುತ್ತೆ. ಮನೆ ಮುಂದೆ ಬಿಸಿಲಿರೋ ಕಡೆ ಬೇರೆಯಾಗಿ ನೆಡಿ. ಹೂವಿಗಾಗಿ ಅದನ್ನ ವರ್ಷಕ್ಕೊಮ್ಮೆ ಬೋಳಿಸಲೇಬೇಕು, ಬೋಳಿಸಿದ್ರೆ ನಿಮ್ಮ ಮರೆ ಹೋಯ್ತು.

ಮಳೆನಾಡು (ಸಕಲೇಶಪುರ)

ಗಿಡ ಆರಿಸೋದಕ್ಕಿಂತ ಮೊದಲ ನಾಲ್ಕು ತಿಂಗಳು ಹೇಗೆ ಬೆಳೆಸ್ತೀರಿ ಅನ್ನೋದರ ಮೇಲೆ ಮರೆ ನಿಂತಿದೆ. ಎರಡು ಅಡಿ ಆದ ಕೂಡಲೇ ಕುಡಿ ಚಿವುಟಿ. ಪಕ್ಕಕ್ಕೆ ಬರೋ ನಾಲ್ಕೈದು ಕವಲಲ್ಲಿ ಎರಡನ್ನ ಕೆಳಗಿನ ತಂತಿಗೆ ಅಡ್ಡ ಮಲಗಿಸಿ ಕಟ್ಟಿ, ಉಳಿದದ್ದನ್ನ ಮೇಲಕ್ಕೆ ಬಿಡಿ. ಅಡ್ಡ ಮಲಗಿದ ಕವಲಿನ ಗೆಣ್ಣುಗೆಣ್ಣಿಗೂ ಚಿಗುರು ಏಳುತ್ತೆ. ಹೋಗಲಿ ಅಂತ ನೆಟ್ಟಗೆ ಬಿಟ್ರೆ ಎರಡನೇ ವರ್ಷ ಕೆಳಗೆ ಬರೀ ಕಟ್ಟಿಗೆ. ಕಟ್ಟೋಕೆ ಒದ್ದೆ ಮಾಡಿದ ಬಾಳೆನಾರು, ಸಡಿಲವಾಗಿ, ಎಂಟರ ಆಕಾರದಲ್ಲಿ. ಬೈಂಡಿಂಗ್ ವೈರ್ ಕಾಂಡ ದಪ್ಪವಾದಂತೆ ಒಳಕ್ಕೆ ಕೊರೆಯುತ್ತೆ.

ಗಿಡದ ಗುಂಡಿ ಒಂದೂವರೆ ಅಡಿ ಉದ್ದ, ಅಗಲ, ಆಳ. ಕಾಂಪೌಂಡಿನ ಬುಡದಲ್ಲಿ ಸಿಮೆಂಟ್ ಚೂರು ಸಿಕ್ಕೇ ಸಿಗುತ್ತೆ, ಎಲ್ಲ ಆರಿಸಿ ತೆಗೀರಿ. ಗುಂಡಿಗೆ ಎರಡು ಬಾಣಲಿ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ, ಕೆಂಪು ಮಣ್ಣು. ಬುಡ ನೆಲಕ್ಕಿಂತ ಮೂರು ಇಂಚು ಎತ್ತರದ ದಿಬ್ಬದಲ್ಲಿರಲಿ. ಮೇ ಕೊನೆಯಲ್ಲಿ ನೆಟ್ಟರೆ ಜುಲೈ ಮಳೆಗೆ ಮೊದಲೇ ಬೇರು ಹಿಡಿಯುತ್ತೆ. ತಪ್ಪಿದ್ರೆ ಸೆಪ್ಟೆಂಬರಿಗೆ ಕಾಯಿರಿ, ಜುಲೈಯಲ್ಲಿ ನೆಟ್ಟದ್ದು ಬುಡ ಕೊಳೆತು ಹೋಗುತ್ತೆ.

ಎರಡನೇ ವರ್ಷದಿಂದ ಪ್ರತಿ ಮೇನಲ್ಲಿ ಮೂರನೇ ಒಂದು ಭಾಗ ಸವರಿ ಹಗುರ ಮಾಡಿ.

ಬಯಲುಸೀಮೆ (ಅರಸೀಕೆರೆ)

ನಮ್ಮ ಕಡೆಯವರು ಇದನ್ನ ಓದಿ ಹಾಗೇ ಮಾಡಬೇಡಿ. ಇಲ್ಲಿ ದಿಬ್ಬ ಅಲ್ಲ, ತಗ್ಗು ಬೇಕು; ಬುಡಕ್ಕೆ ತೆಂಗಿನ ಸಿಪ್ಪೆ ಬೋರಲು ಹಾಕಿ. ದಿನವಿಡೀ ಬಿಸಿಲಿದ್ದು ಮುಳ್ಳಿನ ತಕರಾರಿಲ್ಲದಿದ್ರೆ ಬೋಗನ್‌ವಿಲ್ಲಾನೇ ಸಾಕು, ಬೇರು ಹಿಡಿದ ಮೇಲೆ ನೀರು ಕೇಳಲ್ಲ.

ಮಳೆನಾಡು

ಒಂದು ಬಿಟ್ಟುಹೋಗಿತ್ತು. ಮಳೆಗಾಲದಲ್ಲಿ ದೊಡ್ಡ ಬಸವನಹುಳು ಒಂದೇ ರಾತ್ರಿಗೆ ಎಳೇ ಗಿಡ ಬೋಳಿಸುತ್ತೆ. ರಾತ್ರಿ ಎಂಟರ ಮೇಲೆ ಟಾರ್ಚ್ ಹಿಡಿದು ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಅಂಗಡಿಯಲ್ಲಿ ಸಿಗೋ ಬಸವನಹುಳು ಕೊಲ್ಲೋ ಗುಳಿಗೆ ನಾಯಿ ಇರೋ ಮನೆಯಲ್ಲಿ ಬೇಡ, ತಿಂದರೆ ಉಳಿಯೋದು ಕಷ್ಟ. ಉಪ್ಪನ್ನ ಗಿಡದ ಬುಡಕ್ಕೆ ಮಾತ್ರ ಚೆಲ್ಲಬೇಡಿ.