ಬಕೆಟ್ ಪಿನ್ ಜಾಯಿಂಟ್ ಲೂಸ್: ಹೊಸ ಬುಶ್ ಸಾಕಾ, ಲೈನ್ ಬೋರಿಂಗ್ ಮಾಡಿಸಲೇಬೇಕಾ?

ಪ್ರಶ್ನೆ

20 ಟನ್ ಎಕ್ಸ್‌ಕವೇಟರ್. ಆರ್ಮ್ ತುದಿಗೆ ಬಕೆಟ್ ಕೂರುವ ಜಾಗ ಬಹಳ ಆಡುತ್ತಿದೆ. ಬಕೆಟ್ ಹಲ್ಲಿನ ಹತ್ತಿರ ಸಲಾಕೆ ಕೊಟ್ಟು ಮೀಟಿದರೆ ಕಟಕ್ ಅನ್ನುತ್ತೆ. 80 ಮಿ.ಮೀ. ಪಿನ್ ಬಿಚ್ಚಿ ನೋಡಿದರೆ ಒಂದು ಬದಿ ಮೆಟ್ಟಿಲು ಬಿದ್ದಿದೆ. ಬಲಗಡೆ ಬುಶ್ (ಪಿನ್ ಸುತ್ತ ಕೂರುವ ಸ್ಟೀಲ್ ಕೊಳವೆ) ಗಟ್ಟಿಯಾಗಿದೆ, ಎಡಗಡೆಯದು ಕೈಯಲ್ಲೇ ತಿರುಗುತ್ತೆ. ಬುಶ್ ಹಾಕಿ ಆರು ತಿಂಗಳೂ ಆಗಿಲ್ಲ. ಮತ್ತೆ ಹೊಸ ಪಿನ್, ಬುಶ್ ಹಾಕಿದರೆ ನಿಲ್ಲುತ್ತಾ? ಲೂಸ್ ಬುಶ್‌ಗೆ ನಾಲ್ಕು ಕಡೆ ಟ್ಯಾಕ್ (ಚಿಕ್ಕ ಚುಕ್ಕೆ ವೆಲ್ಡ್) ಹೊಡೆದುಬಿಡಿ ಅನ್ನುತ್ತಿದ್ದಾರೆ, ಸರಿನಾ?

ಉತ್ತರ 1

ದಯವಿಟ್ಟು ಟ್ಯಾಕ್ ಹೊಡೆಯಬೇಡಿ. ಬುಶ್ ಹಾರ್ಡ್ ಮಾಡಿದ ಸ್ಟೀಲ್, ವೆಲ್ಡಿಂಗ್ ಪಕ್ಕದಲ್ಲೇ ಬಿರುಕು ಬಿಡುತ್ತೆ. ಬಿಡದಿದ್ದರೂ, ಸವೆದ ತೂತಿನಲ್ಲಿ ಬುಶ್‌ನ ಬೆನ್ನಿಗೆ ಆಸರೆ ಇರುವುದಿಲ್ಲ. ಲೋಡೆಲ್ಲ ಆ ನಾಲ್ಕು ಟ್ಯಾಕ್ ಮೇಲೆ ಬೀಳುತ್ತೆ.

ಲೂಸ್ ಬುಶ್ ಹೊರಗೆ ತೆಗೆದು ಹೊರಮೈ ನೋಡಿ. ಇಟ್ಟಿಗೆಪುಡಿ ಬಣ್ಣದ ತುಕ್ಕು ಮೆತ್ತಿದ್ದರೆ ಅದು ಬಹಳ ದಿನದಿಂದ ಒಳಗೇ ಅಲುಗಾಡಿದೆ. ಆರ್ಮ್‌ನ ಬಾಸ್ (ಬುಶ್ ಕೂರುವ ದಪ್ಪ ಉಂಗುರದಂಥ ಭಾಗ) ಬುಶ್‌ಗಿಂತ ಮೆತ್ತಗೆ. ಹಾಗಾಗಿ ಬುಶ್ ತಿರುಗಲು ಶುರುವಾದರೆ ಹಾಳಾಗುವುದು ಆರ್ಮ್‌ನ ಬೋರ್, ಅಂದರೆ ಬುಶ್ ಕೂರುವ ತೂತು.

ಬೋರ್ ಒರೆಸಿ, ಇನ್‌ಸೈಡ್ ಮೈಕ್ರೋಮೀಟರ್‌ನಲ್ಲಿ ಮೇಲೆ-ಕೆಳಗೆ, ಅಡ್ಡ, ಎರಡು ಓರೆ, ಹೀಗೆ ನಾಲ್ಕು ದಿಕ್ಕು ಅಳೆಯಿರಿ. ಬಾಯಿ, ಮಧ್ಯ, ಒಳಗೆ ಮೂರೂ ಕಡೆ. ವರ್ನಿಯರ್ ಇದಕ್ಕೆ ಸಾಲದು. ಈ ಅಳತೆಯ ಬುಶ್ ಹಿಡಿದು ನಿಲ್ಲಲು ಅದರ ಹೊರವ್ಯಾಸ ಬೋರ್‌ಗಿಂತ ಸುಮಾರು 0.05ರಿಂದ 0.1 ಮಿ.ಮೀ. ದಪ್ಪ ಇರಬೇಕು. ಬೋರ್ ಅದಕ್ಕಿಂತ ಹೆಚ್ಚು ಮೊಟ್ಟೆಯಾಕಾರ ಆಗಿದ್ದರೆ ಎಷ್ಟು ಹೊಸ ಬುಶ್ ಹಾಕಿದರೂ ಬಿಡುತ್ತೆ.

ಪ್ರಶ್ನೆ ಕೇಳಿದವರು

ಅಳೆದೆ ಸರ್. ಬುಶ್ ಹೊರವ್ಯಾಸ 95 ಮಿ.ಮೀ. ಎಡ ಬೋರ್ ಅಡ್ಡ 95.05, ಮೇಲೆ-ಕೆಳಗೆ 95.60. ಬಾಯಿ ಕಡೆ ಇನ್ನೂ ಜಾಸ್ತಿ. ತುಕ್ಕೂ ನೀವು ಹೇಳಿದ ಬಣ್ಣದ್ದೇ.

ಉತ್ತರ 2

ಹಾಗಾದರೆ ಲೈನ್ ಬೋರಿಂಗೇ ದಾರಿ, ಅಂದರೆ ಸವೆದ ಬೋರ್ ವೆಲ್ಡ್‌ನಿಂದ ತುಂಬಿಸಿ ಎರಡೂ ಒಂದೇ ನೇರಕ್ಕೆ ಬರುವಂತೆ ಮತ್ತೆ ಕೊರೆಯುವುದು. ಗಟ್ಟಿಯಿರುವ ಬಲ ಬುಶ್ಶನ್ನೂ ತೆಗೆಸಿ, ಎರಡೂ ಬೋರ್‌ಗೆ ಒಂದೇ ಬಾರ್ (ಕೊರೆಯುವ ಟೂಲ್ ಹಿಡಿದ ಉದ್ದ ಸಲಾಕೆ) ಹಾಯಬೇಕು. ಬುಶ್ ಜಗ್ಗದಿದ್ದರೆ ಒಳಮೈಯಲ್ಲಿ ಉದ್ದಕ್ಕೆ ಎರಡು ಗೆರೆ ವೆಲ್ಡ್ ಎಳೆಯಿರಿ. ತಣಿಯುವಾಗ ಬುಶ್ ಕುಗ್ಗಿ ಸಡಿಲವಾಗುತ್ತೆ.

ಎಲ್ಲರೂ ತಪ್ಪುವುದು ಸೆಂಟರ್ ಹಿಡಿಯುವಲ್ಲಿ. ಸವೆದ ತೂತಿನ ಮಧ್ಯವನ್ನೇ ಸೆಂಟರ್ ಅಂದುಕೊಂಡರೆ ಪಿನ್ ಸವೆದ ದಿಕ್ಕಿಗೆ ಜರುಗುತ್ತೆ, ಬಕೆಟ್ ಓರೆಯಾಗಿ ಕೂರುತ್ತೆ. ಬೋರ್‌ನಲ್ಲಿ ಸವೆಯದ ಭಾಗ ಹುಡುಕಿ ಅದಕ್ಕೆ ಡಯಲ್ ಗೇಜ್ ಹಿಡಿದು ಬಾರ್ ಸೆಟ್ ಮಾಡಬೇಕು. ಆಮೇಲೆ ಪಕ್ಕದ ಲಿಂಕ್ ಪಿನ್ ತೂತಿನಿಂದ ಎಡಕ್ಕೂ ಬಲಕ್ಕೂ ಅಂತರ ಅಳೆದು ಸಮ ಇದೆಯೇ ನೋಡಬೇಕು.

ಮೊದಲು ಗ್ರೀಸ್ ಪೂರ್ತಿ ತೆಗೆದು, 100-101ರವರೆಗೆ ಕೊರೆದು ಹಸಿ ಲೋಹ ಕಾಣಿಸಬೇಕು. ಗ್ರೀಸ್ ಕಲೆ ಉಳಿದರೆ ವೆಲ್ಡ್‌ನಲ್ಲಿ ಗುಳ್ಳೆ ಬೀಳುತ್ತೆ, ಆಮೇಲೆ ಟೂಲ್ ತುದಿ ಅಲ್ಲೇ ಮುರಿಯುತ್ತೆ. ಬಾಸ್ ಸ್ವಲ್ಪ ಬಿಸಿ ಮಾಡಿ, ಮಿಗ್‌ನಲ್ಲಿ ಇಆರ್70ಎಸ್-6 ತಂತಿಯಿಂದ ಸುತ್ತು ಸುತ್ತಾಗಿ 91ರ ತನಕ ತುಂಬಿಸಿ. ಪೂರ್ತಿ ತಣಿದ ಮೇಲೆಯೇ ಫೈನಲ್ ಕಟ್. ಬಿಸಿ ಇರುವಾಗ ಕೊರೆದ ಅಳತೆ ಬೆಳಿಗ್ಗೆ ಇರುವುದಿಲ್ಲ. ಗ್ರೀಸ್ ತೂತು ವೆಲ್ಡ್‌ನಲ್ಲಿ ಮುಚ್ಚಿರುತ್ತೆ, ಮರೆಯದೆ ಡ್ರಿಲ್ ಮಾಡಿಸಿ.

ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ಮತ್ತು ಕಂಟ್ರೋಲರ್ ಕನೆಕ್ಟರ್ ಬಿಚ್ಚಿ. ಅರ್ತ್ ಕ್ಲ್ಯಾಂಪ್ ಆ ಬಾಸ್‌ಗೇ ಹಿಡಿಯಿರಿ. ಮೆಷಿನ್ ಓಡುವ ಚೈನ್ ಹತ್ತಿರ ಹಿಡಿದರೆ ಕರೆಂಟ್ ಸಿಲಿಂಡರ್ ಪಿನ್, ಸ್ಲೂ ಬೇರಿಂಗ್ (ಮೆಷಿನ್ ಮೇಲ್ಭಾಗ ತಿರುಗುವ ಬೇರಿಂಗ್) ದಾಟಿ ಹೋಗಿ ಅಲ್ಲಿ ಸುಟ್ಟ ಗುರುತು ಮೂಡಿಸುತ್ತೆ.

ಉತ್ತರ 3

ಬುಶ್ ಕೂರಿಸುವುದರ ಬಗ್ಗೆ. ಸುತ್ತಿಗೆ ಏಟು ಬೇಡವೇ ಬೇಡ, ಅಂಚು ಚಕ್ಕೆ ಎದ್ದು ಕಣ್ಣಿಗೆ ಹಾರುತ್ತೆ. ಡ್ರೈ ಐಸ್‌ನಲ್ಲಿ ಚೆನ್ನಾಗಿ ತಣಿಸಿದರೆ 95ರ ಬುಶ್ ಸುಮಾರು 0.12 ಮಿ.ಮೀ. ಕುಗ್ಗಿ ತಾನೇ ಜಾರಿ ಕೂರುತ್ತೆ. ದಪ್ಪ ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಮಾಡಿ. ಬುಶ್‌ನ ಗ್ರೀಸ್ ತೂತು ನಿಪ್ಪಲ್ (ಗ್ರೀಸ್ ಗನ್ ಹಿಡಿಯುವ ಮೊನೆ) ತೂತಿಗೆ ಎದುರಾಗುವಂತೆ ಮೊದಲೇ ಗುರುತು ಹಾಕಿಡಿ, ಒಮ್ಮೆ ಹಿಡಿದರೆ ತಿರುಗುವುದಿಲ್ಲ. ಬಿಗಿಯಾಗಿ ಕೂತ ಬುಶ್‌ನ ಒಳವ್ಯಾಸ ಸ್ವಲ್ಪ ಕಿರಿದಾಗುತ್ತೆ, ಪಿನ್ ಸಡಿಲವನ್ನು ಕೂರಿಸಿದ ಮೇಲೆ ಅಳೆಯಿರಿ. ಎಷ್ಟಿರಬೇಕು ಅನ್ನುವುದಕ್ಕೆ ಮೆಷಿನ್ ಮ್ಯಾನ್ಯುಯಲ್ಲೇ ಕೊನೆ ಮಾತು.

ಸೀಲ್‌ನ ತುಟಿ ಹೊರಮುಖವಾಗಿರಲಿ. ಹೊಸ ಗ್ರೀಸ್ ಹಳೆಯದನ್ನು ತಳ್ಳಿಕೊಂಡು ಹೊರಬರಬೇಕು, ಮಣ್ಣು ಒಳಗೆ ಹೋಗಬಾರದು. ಎಷ್ಟೋ ಕಡೆ ಇದು ಉಲ್ಟಾ ಕೂತಿರುತ್ತೆ.

ಮತ್ತೆ, ಬಕೆಟ್ ಕಿವಿಯ (ಪಿನ್ ಹಾಯುವ ಬಕೆಟ್ ತಟ್ಟೆಗಳ) ತೂತುಗಳನ್ನೂ ಅಳೆದಿರಾ? ಪಿನ್ ಬಕೆಟ್ ಜೊತೆಗೇ ತಿರುಗಬೇಕು. ಕಿವಿ ಸವೆದಿದ್ದರೆ ಹೊಸ ಪಿನ್ ಅಲ್ಲೇ ಬಡಿದುಕೊಳ್ಳುತ್ತೆ. ಪಿನ್ ಲಾಕ್ ಬೋಲ್ಟ್‌ನ ಎರಡು ನಟ್ ಒಂದಕ್ಕೊಂದು ಬಿಗಿದಿರಲಿ, ಬಾಸ್‌ಗೆ ಒತ್ತಿರಬಾರದು. ಬೋಲ್ಟ್ ಸ್ವಲ್ಪ ಆಡಲೇಬೇಕು, ಇಲ್ಲದಿದ್ದರೆ ಕತ್ತರಿಸಿ ಹೋಗುತ್ತೆ.

ಉತ್ತರ 1 ಬರೆದವರು

ಆರೇ ತಿಂಗಳಿಗೆ ಹೋದದ್ದಕ್ಕೆ ಬೋರ್ ಜೊತೆ ಗ್ರೀಸಿಂಗ್ ರೀತಿಯೂ ಕಾರಣ ಇರಬಹುದು. ಜಾಯಿಂಟ್ ಮೇಲೆ ಭಾರ ಇರುವಾಗ ಗ್ರೀಸ್ ಹೊಡೆದರೆ ಅದು ಸಡಿಲವಿರುವ ಕಡೆಗೇ ಓಡುತ್ತೆ, ಒತ್ತಡದ ಕಡೆ ಒಣಗಿಯೇ ಇರುತ್ತೆ. ಅರ್ಧ ಹೊಡೆದು, ಎಂಜಿನ್ ಚಾಲೂ ಮಾಡಿ ಬಕೆಟ್ ಹೊರಕ್ಕೆ ಚಾಚಿ ಬೇರೆ ಭಂಗಿಯಲ್ಲಿ ನೆಲಕ್ಕಿಟ್ಟು, ಎಂಜಿನ್ ಆಫ್ ಮಾಡಿ ಉಳಿದರ್ಧ ಹೊಡೆಯಿರಿ. ಎರಡೂ ಬದಿಯಿಂದ ಹೊಸ ಗ್ರೀಸ್ ಇಣುಕಬೇಕು. ಒಂದೇ ಬದಿ ಬಂದರೆ ಇನ್ನೊಂದು ಬುಶ್‌ನ ತೂತು ಕಟ್ಟಿರಬಹುದು.

ಹೊಸ ಬುಶ್ ಹಾಕಿದ ಮೊದಲ ದಿನಗಳಲ್ಲಿ ಹೊರಬಂದ ಗ್ರೀಸನ್ನು ಬೆರಳಲ್ಲಿ ಉಜ್ಜಿ ನೋಡುತ್ತಿರಿ. ಬೂದುಬಣ್ಣ ತಿರುಗಿ ಮಿಣಮಿಣ ಲೋಹದ ಪುಡಿ ಕಂಡರೆ ಕೆಲಸ ನಿಲ್ಲಿಸಿ ಪಿನ್ ಬಿಚ್ಚಿ ನೋಡಿ.